ಅಮ್ಮನನ್ನು ಕೂರಿಸಬೇಡಿ

“ನಿನ್ನ ಜಪಾನ್ ಬುದ್ಧಿ ಅಲ್ಲೇ ಇರಲಿ. ಈ ವಯಸ್ಸಲ್ಲಿ ಅತ್ತೆ ಕೈಲಿ ಬಟ್ಟೆ ಒಣಗಿಸಿದ್ರೆ ಊರವರು ನನ್ನ ಮುಖಕ್ಕೆ ಉಗೀತಾರೆ.” ವಿಡಿಯೊ ಕಾಲ್‌ನಲ್ಲಿ ಅತ್ತಿಗೆ ಹೀಗಂದದ್ದು ಚುರುಕ್ಕೆಂದಿತು. ನಾನು ಕೇಳಿದ್ದು ಇಷ್ಟೇ: ಅಮ್ಮನ ಒಂದು ಸೀರೆಯನ್ನು ಅವಳೇ ತಂತಿಗೆ ಹಾಕಲಿ. ಅಮ್ಮನಿಗೆ ಈಗ 87.

ನಾನಿರುವ ಜಪಾನಿನ ಯೊಕೊಹಾಮಾದಲ್ಲಿ ಬೆಳಿಗ್ಗೆ 6.30ಕ್ಕೆ ರೇಡಿಯೊದಲ್ಲಿ ಪಿಯಾನೊ ಶುರುವಾದರೆ ಪಾರ್ಕಿನ ತುಂಬ ಮುದುಕರು ಕೈಕಾಲು ಆಡಿಸುತ್ತಾರೆ. ಈ ರೇಡಿಯೊ ವ್ಯಾಯಾಮ 1928ರಿಂದ ಬಂದದ್ದು. ಅದು ಮುಗಿದ ಮೇಲೂ ನಮ್ಮ ಪಕ್ಕದ ಮನೆಯ ಅಜ್ಜಿ ಹೊರಡುವುದಿಲ್ಲ. ತೊಂಬತ್ತು ದಾಟಿದವರು. ಕಂಬಿಯ ಮೇಲೆ ಎರಡೇ ಬೆರಳಿಟ್ಟು ಎಡಗಾಲನ್ನು ನೆಲದಿಂದ ತುಸು ಎತ್ತಿ, ತುಟಿಯಲ್ಲೇ ಎಣಿಸುತ್ತಾ ನಿಲ್ಲುತ್ತಾರೆ. ಆಮೇಲೆ ಬಲಗಾಲು. ಆಸರೆ ಕೈಗೆಟಕುವಂತಿರಬೇಕು, ಕಾಲಿಗೊಂದು ನಿಮಿಷ, ದಿನಕ್ಕೆ ಮೂರು ಸಲ: ಇದು ಇಲ್ಲಿನ ಮೂಳೆ ವೈದ್ಯರು ಹೇಳಿಕೊಡುವ ಪಾಠ. ಮುಪ್ಪಿನಲ್ಲಿ ನಡೆದಾಡುವ ಶಕ್ತಿ ಕುಂದುವುದನ್ನು ತಡೆಯಲು ಅವರ ಸಂಘ 2007ರಿಂದಲೇ ‘ಲೊಕೊಮೊ’ ಎಂಬ ಹೆಸರಿನಲ್ಲಿ ಜನರಿಗೆ ತಿಳಿವಳಿಕೆ ಕೊಡುತ್ತಿದೆ.

ನಮ್ಮಲ್ಲಿ? ಕಾಫಿ ಮಂಚದ ಹತ್ತಿರಕ್ಕೇ ಬರುತ್ತದೆ. “ನೀನು ಏಳಬೇಡಮ್ಮ, ನಾನು ತರ್ತೀನಿ.” ಅಂಗಳ ಗುಡಿಸಿ, ಬಗ್ಗಿ ರಂಗೋಲಿ ಇಟ್ಟು, ಈಳಿಗೆಮಣೆ ಮುಂದೆ ಕುಕ್ಕರಗಾಲಲ್ಲಿ ಕೂತು ಎದ್ದವಳು ನಮ್ಮಮ್ಮ. ಆ ಕೆಲಸಗಳನ್ನೆಲ್ಲ ಒಂದೊಂದಾಗಿ, ಪ್ರೀತಿಯಿಂದಲೇ, ನಾವು ಕಿತ್ತುಕೊಂಡೆವು. ಕಳೆದ ದೀಪಾವಳಿಗೆ ಹೋದಾಗ ಕುರ್ಚಿಯಿಂದ ಏಳಲು ಎರಡೂ ಕೈ ಊರಿ, ಅರ್ಧಕ್ಕೆ ನಿಂತು, ಮತ್ತೆ ಕುಸಿದು ಕೂತಳು. ಜೀರ್ಣವಾಗಲ್ಲ ಅಂತ ಮುದ್ದೆಯನ್ನೂ ಬಿಡಿಸಿ ಬ್ರೆಡ್ಡು ಕೊಡುತ್ತಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ ಬೇಡದಿದ್ದರೆ ಅಂಬಲಿಯಾದರೂ ಆಗಬಹುದಲ್ಲ. ಇನ್ನು ಬಿಸಿಲು. ಅದು ಜಗುಲಿಯ ತನಕ ಬಂದರೂ ಅಮ್ಮ ಹಾಲ್‌ನಲ್ಲಿ ಟಿವಿ ಮುಂದೆ.

ವಯಸ್ಸಾದವರ ಮೂಳೆ ಸವೆದಿರುತ್ತದೆ, ನಿಜ. ಆದರೆ ಸೊಂಟ ಮುರಿಯುವುದು ಬಹುಪಾಲು ಬಿದ್ದಾಗಲೇ. ತೊಡೆಯಲ್ಲಿ ಬಲವಿಲ್ಲ, ಕಾಲು ತಡವರಿಸಿದರೆ ಸಾವರಿಸಿಕೊಳ್ಳಲು ಆಗುವುದಿಲ್ಲ. ಜೊತೆಗೆ ನಿದ್ದೆಯ ಮಾತ್ರೆ, ರಾತ್ರಿ ದಡಕ್ಕನೆ ಎದ್ದಾಗ ಬರುವ ತಲೆಸುತ್ತು, ಕತ್ತಲು, ಬಚ್ಚಲಿನ ಸೋಪಿನ ಜಾರು. ನಮ್ಮ ಸೋದರತ್ತೆ ಬಿದ್ದದ್ದು ಹೀಗೆಯೇ. ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಅತ್ತೆ ಮತ್ತೆ ಜಗುಲಿಗೆ ಬರಲೇ ಇಲ್ಲ. ಜಪಾನಿನಲ್ಲಿ 2000ದಿಂದ ಹಿರಿಯರ ಆರೈಕೆಗೆಂದೇ ವಿಮೆಯಿದೆ. ಆರೈಕೆ ಬೇಕೆಂದು ಗುರುತಿಸಿದವರ ಮನೆಗೆ ಕಂಬಿ ಹಾಕಿಸಲು, ಹೊಸಿಲು ತೆಗೆಸಲು 2 ಲಕ್ಷ ಯೆನ್‌ವರೆಗಿನ ಕೆಲಸಕ್ಕೆ ಹೆಚ್ಚಿನ ಪಾಲು ಅದರಿಂದಲೇ ಸಿಗುತ್ತದೆ. ನಮ್ಮಲ್ಲಿ ಗೃಹಪ್ರವೇಶಕ್ಕೆ ಮಿರಮಿರ ಮಿಂಚುವ ಟೈಲ್ಸ್ ಹಾಕಿಸುತ್ತೇವೆ, ಬಚ್ಚಲಿಗೂ ಅದೇ.

ಹಾಗಂತ ಜಪಾನಿನಲ್ಲಿಯೂ ಸೊಂಟ ಮುರಿದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ತೊಂಬತ್ತು ದಾಟಿದವರೇ ಅಷ್ಟೊಂದಿರುವ ದೇಶ ಇದು. ಪಕ್ಕದ ಮನೆಯ ಅಜ್ಜಿ ಒಂಟಿ. ರಾತ್ರಿ ಬಿದ್ದರೆ ಬೆಳಿಗ್ಗೆ ಪಾರ್ಕಿಗೆ ಬರಲಿಲ್ಲವಲ್ಲ ಅಂತ ಯಾರಾದರೂ ಹೋಗಿ ನೋಡಬೇಕು. ಅಮ್ಮ ಕೆಮ್ಮಿದರೂ ಅತ್ತಿಗೆ ಎದ್ದು ಬರುತ್ತಾರೆ, ಮೂರು ಹೊತ್ತೂ ಬಿಸಿ ಅಡುಗೆ ಬಡಿಸುತ್ತಾರೆ. ದೂರದಲ್ಲಿ ಕೂತ ನನ್ನಿಂದ ಅದರಲ್ಲಿ ಕಾಲುಭಾಗವೂ ಆಗಿಲ್ಲ. ಕಾಲು ಗಟ್ಟಿಯಿಲ್ಲದವರನ್ನು ಯಾರೂ ಜೊತೆಗಿಲ್ಲದೆ ಓಡಾಡಲು ಬಿಡಬಾರದು ಅನ್ನುವ ಅವರ ಮಾತೂ ಸರಿಯೇ.

ಆದ್ದರಿಂದಲೇ ಜೊತೆಗೆ ನಿಂತು ಮಾಡಿಸಿ ಅನ್ನುತ್ತಿದ್ದೇನೆ. ಅಣ್ಣಾ, ಈ ಭಾನುವಾರ ಬಚ್ಚಲಿಗೊಂದು ಕಂಬಿ ಹಾಕಿಸು, ಅಮ್ಮನ ಮಂಚದಿಂದ ಅಲ್ಲಿಯವರೆಗೂ ರಾತ್ರಿ ದೀಪ ಇರಲಿ. ದುಡ್ಡು ನಾನು ಕಳಿಸುತ್ತೇನೆ. ಊರವರು ಏನಾದರೂ ಅಂದರೆ ನನ್ನ ಹೆಸರು ಹೇಳಿ.