ಕೊಟ್ಟೆ ಕಡುಬಿನ ಸಲಾಡು

ಉಡುಪಿಯಲ್ಲಿ ಪರ್ಯಾಯ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಅಜ್ಜರಕಾಡಿನಲ್ಲಿ ಮುಂಜಾನೆ ನಡೆಯುವ ನಮ್ಮ ಬಳಗದಲ್ಲಿ ಊಟ-ನಡಿಗೆಯ ಲೆಕ್ಕವಿಡುವ ಆ್ಯಪ್ ಎರಡು ವಾರಕ್ಕೊಮ್ಮೆ ಬದಲಾಗುತ್ತದೆ. ತೂಕ ಇಳಿಯದಿದ್ದಾಗ ತಪ್ಪು ಹೊಟ್ಟೆಯದ್ದೆಂದು ಹೇಳುವ ಧೈರ್ಯ ಯಾರಿಗೂ ಇಲ್ಲವಾದ್ದರಿಂದ, ದೋಷ ಆ್ಯಪಿನದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿ ಹೊಸದೊಂದನ್ನು ಇಳಿಸಿಕೊಳ್ಳಲಾಗುತ್ತದೆ. ಹೀಗೆ ಏನಾದರೊಂದು ಇಳಿದೇ ಇಳಿಯುತ್ತದೆ.

ಈ ಆಯ್ಕೆಗೂ ಒಂದು ಶಾಸ್ತ್ರವಿದೆಯೆಂದು ನನಗೆ ಉಪದೇಶಿಸಿದವರು ಬ್ಯಾಂಕಿನಿಂದ ನಿವೃತ್ತರಾದ ನಮ್ಮ ರಾಯರು. 1906ರ ಒಂದೇ ವರ್ಷದಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕನ್ನು ಹೆತ್ತ ಈ ಸೀಮೆಯವರಿಗೆ ಜಮಾ-ಖರ್ಚಿನ ಪುಸ್ತಕ ಹೊಸತೇನಲ್ಲ. ತಿಂದದ್ದು ಜಮಾ, ನಡೆದದ್ದು ಖರ್ಚು. ರಾತ್ರಿ ಮಲಗುವ ಮುನ್ನ ಎರಡೂ ತಾಳೆಯಾಗಬೇಕು. ರಾಯರು ಹೊಸ ಆ್ಯಪನ್ನು ತೆರೆದೊಡನೆ ಮೊದಲು ಪರೀಕ್ಷಿಸುವುದು ನೀರುದೋಸೆಯನ್ನು. ಇಂಥ ಹಲವು ಆ್ಯಪುಗಳಲ್ಲಿ ಬಳಸುವವರೇ ತಿಂಡಿಯ ಲೆಕ್ಕವನ್ನು ತುಂಬಿಸಬಹುದಾದ್ದರಿಂದ ಒಂದೇ ನೀರುದೋಸೆಗೆ ಹತ್ತು ಮಂದಿ ಹತ್ತು ಬಗೆಯ ಕ್ಯಾಲೊರಿ ಬರೆದಿರುತ್ತಾರೆ; ಅವರಲ್ಲಿ ಅತಿ ಕಡಿಮೆ ಬರೆದಾತನೇ ಸತ್ಯವಂತನೆಂಬುದು ರಾಯರ ಸಿದ್ಧಾಂತ. ಸಾಲ ಪಡೆದವನೇ ತನ್ನ ಬಡ್ಡಿಯ ದರವನ್ನು ಬರೆದುಕೊಳ್ಳುವ ಇಂಥ ಸೌಲಭ್ಯ ತಮ್ಮ ಸೇವಾವಧಿಯಲ್ಲಿ ಗ್ರಾಹಕರಿಗೆ ಇರಲಿಲ್ಲವಲ್ಲ ಎಂದು ಅವರಿಗೆ ಸ್ವಲ್ಪವೂ ಬೇಸರವಿದ್ದಂತಿಲ್ಲ.

ಪತ್ರೊಡೆಯ ವಿಷಯದಲ್ಲಿ ಮಾತ್ರ ತೊಡಕಾಯಿತು. ಆಟಿ ತಿಂಗಳ ಮಳೆಯಲ್ಲಿ ಕೆಸುವಿನ ಎಲೆಗೆ ಅಕ್ಕಿಯ ಹಿಟ್ಟು ಬಳಿದು, ಸುತ್ತಿ, ಹಬೆಯಲ್ಲಿ ಬೇಯಿಸಿದ ನಮ್ಮ ಪತ್ರೊಡೆಯನ್ನು ಹುಡುಕಿದರೆ ಆ್ಯಪ್ ಕಡಲೆಹಿಟ್ಟು ಬಳಿದ ಗುಜರಾತಿನ ಪಾತ್ರಾ ಒಂದನ್ನು ತಂದು ಮುಂದಿಟ್ಟಿತು. ತನಗೆ ಗೊತ್ತಿಲ್ಲದ ತಿಂಡಿಯನ್ನು ಆ್ಯಪ್ ಬರೆದುಕೊಳ್ಳಲಾರದು; ಬರೆಯದಿದ್ದದ್ದನ್ನು ತಿಂದಂತೆ ಆಗುವುದಿಲ್ಲ; ಆದ್ದರಿಂದ ರಾಯರು ಆ ದಿನ ಆರು ತುಂಡು ಪತ್ರೊಡೆಯನ್ನು ತಿನ್ನಲಿಲ್ಲ. ಮೇಲೆ ಸುರಿದುಕೊಂಡ ತೆಂಗಿನೆಣ್ಣೆಯ ಗತಿಯೇನೆಂದು ನಾನು ಕೇಳಿದೆ. ಕೊಬ್ಬಿನ ಗ್ರಾಂ ಒಂದಕ್ಕೆ 9, ಪಿಷ್ಟಕ್ಕೂ ಪ್ರೋಟೀನಿಗೂ ತಲಾ 4 ಕಿಲೊಕ್ಯಾಲೊರಿ ಎಂಬ ಸರಾಸರಿಯನ್ನು ಅಮೆರಿಕದ ವಿಜ್ಞಾನಿ ಆಟ್‌ವಾಟರ್ 19ನೇ ಶತಮಾನದ ಕೊನೆಯಲ್ಲೇ ಕಟ್ಟಿಕೊಟ್ಟು ಹೋಗಿದ್ದಾರೆ. ಆ ಪ್ರಕಾರ ದೊಡ್ಡ ಚಮಚದ ಎಣ್ಣೆಯೊಂದೇ 120ರ ಆಸುಪಾಸಿಗೆ ಬರುತ್ತದೆ. ರಾಯರು ಶಾಂತವಾಗಿ, “ಎಣ್ಣೆಯನ್ನು ಅದು ಕೇಳಲೇ ಇಲ್ಲ ಮಾರಾಯ್ರೆ, ಕೇಳದ್ದಕ್ಕೆ ಉತ್ತರ ಕೊಡ್ಲಿಕ್ಕೆ ನಾನೆಂತ ಸಾಕ್ಷಿಯಾ?” ಎಂದರು.

ಖರ್ಚಿನ ಬದಿಯಲ್ಲಿ ದಿನಕ್ಕೆ 10,000 ಹೆಜ್ಜೆಗಳ ಕಟ್ಟಳೆಯಿದೆ. ಇದು ವೈದ್ಯರ ಸಂಶೋಧನೆಯಿಂದ ಹುಟ್ಟಿದ ಸಂಖ್ಯೆಯಲ್ಲ. 1964ರ ಟೋಕಿಯೋ ಒಲಿಂಪಿಕ್ಸಿನ ಹುರುಪಿನಲ್ಲಿ ಮರುವರ್ಷ ಜಪಾನಿನ ಕಂಪೆನಿಯೊಂದು ಮಾರಾಟಕ್ಕಿಟ್ಟ ಹೆಜ್ಜೆಯಳೆಯುವ ಯಂತ್ರದ ಹೆಸರು ‘ಮಾನ್ಪೊ-ಕೆ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಂಗಡಿಯ ಆ ಹೆಸರು ಅರವತ್ತು ವರ್ಷಗಳಲ್ಲಿ ಧರ್ಮಶಾಸ್ತ್ರವಾಗಿ, ರಾತ್ರಿ ಹನ್ನೊಂದೂವರೆಗೆ 400 ಹೆಜ್ಜೆ ಬಾಕಿಯಿದೆಯೆಂದು ಬನಿಯನಿನಲ್ಲೇ ಚಾವಡಿಯಿಂದ ಅಡುಗೆಕೋಣೆಗೆ ಶತಪಥ ಹಾಕುವ ಗೃಹಸ್ಥರನ್ನು ನಮ್ಮೂರಿನಲ್ಲಿ ಸೃಷ್ಟಿಸಿದೆ. ಕೃಷ್ಣಮಠದೊಳಗೆ ಹೋಗುವಾಗ ಅಂಗಿ ಕಳಚುವ ಭಕ್ತರು ಕೈಯ ವಾಚನ್ನು ಕಳಚುವುದಿಲ್ಲ. ಒಂದೇ ಪ್ರದಕ್ಷಿಣೆಯ ಪುಣ್ಯ ಎರಡು ಕಡೆ ಜಮೆಯಾಗುತ್ತದೆ.

ಇತ್ತೀಚೆಗೆ ರಾಯರ ವಸತಿ ಸಮುಚ್ಚಯದವರು ಒಂದು ತಿಂಗಳ ಹೆಜ್ಜೆ ಸ್ಪರ್ಧೆಯನ್ನು ಏರ್ಪಡಿಸಿದ್ದರು. ಹೊರಗೆ ಕೊಡೆ ನಿಲ್ಲದಂತಹ ಮಳೆ. ಆದರೂ ಮೂರನೆಯ ಮಹಡಿಯ ಯಜಮಾನರೊಬ್ಬರ ಹೆಜ್ಜೆಗಳು ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಜಿಗಿಯುತ್ತಿದ್ದವು. ಅವರ ಹೆಂಡತಿ ಗಂಡನ ವಾಚನ್ನು ಕಟ್ಟಿಕೊಂಡು ಹೆರೆಮಣೆಯ ಮೇಲೆ ಕಾಯಿ ಹೆರೆಯುತ್ತಿದ್ದರೆಂಬುದು ಬಹುಮಾನ ವಿತರಣೆಯ ಬಳಿಕ ತಿಳಿಯಿತು. ಮಣಿಕಟ್ಟಿನ ಅಲುಗಾಟವನ್ನೇ ನಡಿಗೆಯೆಂದು ನಂಬುವ ಆ ಯಂತ್ರ, ಕಾಯಿ ಹೆರೆದದ್ದನ್ನು ಗಂಡನ ವ್ಯಾಯಾಮವೆಂದು ಬರೆದುಕೊಂಡಿತೇ ಹೊರತು ಅದೇ ಕಾಯಿ ಕೊದ್ದೆಲಾಗಿ ಅವರ ಹೊಟ್ಟೆ ಸೇರಿದ್ದನ್ನು ಗಮನಿಸಲಿಲ್ಲ. ಎರಡೂ ಕೈಗಳಿಂದ ತಲೆಯ ಬುಟ್ಟಿಯನ್ನು ಹಿಡಿದು ಓಣಿ ಓಣಿ ಸುತ್ತುವ ನಮ್ಮ ಮೀನಿನ ಬಾಯಮ್ಮನಿಗೆ ಅದೇ ವಾಚು ಕಟ್ಟಿದ್ದರೆ, ಇಡೀ ದಿನ ಕುಳಿತೇ ಇದ್ದೀರಿ, ಸ್ವಲ್ಪ ಎದ್ದು ಓಡಾಡಿ ಎಂದು ಅದು ಗದರಿಸಿದರೂ ಗದರಿಸೀತು.

ರಾಯರಿಗೆ ಪೆಟ್ಟು ಬಿದ್ದದ್ದು ನಕಾಶೆಯಿಂದ. ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಬೆಳಕಿನ ಗೆರೆಗಳಾಗಿ ಪ್ರಕಟಿಸಿ, 2018ರ ಜನವರಿಯಲ್ಲಿ ಮರುಭೂಮಿಯ ಸೇನಾ ನೆಲೆಗಳೂ ಬಯಲಾಗಿ ಗುಲ್ಲಾದದ್ದು ಹಲವರಿಗೆ ನೆನಪಿರಬಹುದು. ಸೈನಿಕರಿಗೆ ಆದದ್ದೇ ನಮ್ಮವರಿಗೂ ಆಯಿತು. ಅವರ ಬೆಳಗಿನ ನಡಿಗೆಯ ಗೆರೆ ಹೋಟೆಲೊಂದರ ಬಾಗಿಲಿಗೆ ಬಂದು, ಇಪ್ಪತ್ತೈದು ನಿಮಿಷ ಅಲ್ಲೇ ಗಂಟಾಗಿ, ಬಳಿಕ ಬಹು ನಿಧಾನವಾಗಿ ಮನೆಗೆ ಮರಳಿದ್ದನ್ನು ಮಗಳು ಬೆಂಗಳೂರಿನಲ್ಲಿ ಕುಳಿತೇ ಕಂಡುಹಿಡಿದಳು. ಬನ್ಸ್ ಎಷ್ಟು, ಗೋಳಿಬಜೆ ಎಷ್ಟು ಎಂಬುದು ಇನ್ನೂ ತನಿಖೆಯಲ್ಲಿದೆ.

ಆ ಆ್ಯಪನ್ನು ಅಂದೇ ಅಳಿಸಲಾಯಿತು. ಈಗ ಬಂದಿರುವುದು ಫೋಟೋ ತೆಗೆದರೆ ಸಾಕು, ತಾನೇ ಗುರುತಿಸಿ ಲೆಕ್ಕ ಬರೆಯುವ ಬುದ್ಧಿವಂತ. ಅಷ್ಟಮಿಯ ಸಮಯದಲ್ಲಿ ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ನಾಲ್ಕು ಕಡುಬುಗಳನ್ನು ಅದಕ್ಕೆ ತೋರಿಸಿದಾಗ, ಹೊರಗಿನ ಎಲೆಯನ್ನಷ್ಟೇ ಕಂಡ ಅದು ‘ಹಸಿರು ಸಲಾಡ್, ಒಂದು ಬಟ್ಟಲು’ ಎಂದು ಬರೆದುಕೊಂಡಿತು. ಇಷ್ಟು ದಿನ ಹುಡುಕುತ್ತಿದ್ದ ಗುರು ಸಿಕ್ಕಿದನೆಂದು ರಾಯರಿಗೆ ಅಂದೇ ಖಚಿತವಾಯಿತು.

ಕಳೆದ ವಾರ ಮದುವೆಯೊಂದರಲ್ಲಿ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದೆವು. ಎಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬೀಳುವಷ್ಟರಲ್ಲಿ ರಾಯರು ಫೋಟೋ ತೆಗೆದು ಮುಗಿಸಿದರು. ಆ್ಯಪ್ ಬಾಳೆಲೆಯನ್ನೂ ಸೇರಿಸಿ ದೊಡ್ಡದೊಂದು ಸಲಾಡನ್ನು ದಾಖಲಿಸಿತು. ಬಳಿಕ ಸಾರು, ಮಟ್ಟುಗುಳ್ಳದ ಹುಳಿ, ಹೋಳಿಗೆ, ಹಯಗ್ರೀವ ಎಲ್ಲವೂ ಬಂದು ಆ ಸಲಾಡಿನೊಳಗೆ ಸೇರಿದವು. ಮೂರನೆಯ ಸುತ್ತಿಗೆ ಬಂದ ಬಡಿಸುವ ಭಟ್ಟರು ಹೋಳಿಗೆಯನ್ನು ಎತ್ತಿ ಹಿಡಿದು ನಿಂತಾಗ ರಾಯರು ಎಡಗೈಯಿಂದ ಫೋನನ್ನು ತಟ್ಟಿ ನೋಡಿ, “ಇನ್ನೂ 1,400 ಬಾಕಿ ಉಂಟು ಭಟ್ರೇ, ಎರಡು ಹಾಕಿ” ಎಂದರು. ಭಟ್ಟರು ಎರಡನ್ನೂ ಹಾಕಿ, ತುಪ್ಪವನ್ನೂ ಬಿಟ್ಟು, ಪರದೆಯತ್ತ ಬಗ್ಗಿ ನೋಡಿ ಮೆಲುದನಿಯಲ್ಲಿ ಕೇಳಿದರು: “ಆ ಆ್ಯಪಿನ ಹೆಸರೊಂದು ಹೇಳಿ ರಾಯರೇ. ನನಗೂ ಶುಗರ್ ಉಂಟು.”