ಆ ನಾಲ್ಕು ಅಂಕಿ ಮಾವನ ಕವರಿನಲ್ಲೇ ಇದ್ದವು

ಪುಣೆಯ ಡಾಕ್ಟರು ಮಾವನ ಬ್ಲಡ್ ರಿಪೋರ್ಟನ್ನು ಮಗುಚಿ, ಅದರ ಬೆನ್ನಿಗೇ ಲೆಕ್ಕ ಹಾಕಿದರು. ವಯಸ್ಸು 58, ಎಸ್‌ಜಿಒಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಂಜೈಮ್) 62. ಎರಡನ್ನೂ ಗುಣಿಸಿದರು. ಪ್ಲೇಟ್ಲೆಟ್ 1 ಲಕ್ಷ 28 ಸಾವಿರ, ಅದನ್ನು 128 ಅಂತ ಬರೆದುಕೊಂಡರು. ಅಂಥದೇ ಇನ್ನೊಂದು ಎಂಜೈಮ್ ಎಸ್‌ಜಿಪಿಟಿ 49, ಅದರ ವರ್ಗಮೂಲ 7. 128ನ್ನು 7ರಿಂದ ಗುಣಿಸಿ, ಮೊದಲಿನ ಗುಣಲಬ್ಧವನ್ನು ಅದರಿಂದ ಭಾಗಿಸಿದರು. ಬಂದದ್ದು 4. ಲಿವರ್ ಎಷ್ಟು ಗಟ್ಟಿಯಾಗಿರಬಹುದು ಅಂತ ಅಂದಾಜು ಮಾಡುವ ಈ ಲೆಕ್ಕಕ್ಕೆ ಫಿಬ್-4 ಅಂತಾರೆ. 1.45ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. 3.25 ದಾಟಿದರೆ ಲಿವರ್ ಗಟ್ಟಿಯಾಗಿರುವ ಸಂಭವ ಜಾಸ್ತಿ.

ನನಗೆ ನೋವಾಗಿದ್ದು ಆ 4 ನೋಡಿ ಅಲ್ಲ. ಅದು ಹೊಸ ಟೆಸ್ಟ್ ಅಲ್ಲವೇ ಅಲ್ಲ. ನಾಲ್ಕೂ ಅಂಕಿ ದಾವಣಗೆರೆಯಿಂದಲೇ, ಸೀರೆ ಅಂಗಡಿಯ ಕವರಿನಲ್ಲಿ ಬಂದಿದ್ದವು. ಅದರಲ್ಲಿ ಮೂರು ವರ್ಷದ ರಿಪೋರ್ಟುಗಳಿದ್ದವು. ಪ್ಲೇಟ್ಲೆಟ್ ಮೊದಲು 1 ಲಕ್ಷ 90 ಸಾವಿರ, ಆಮೇಲೆ 1 ಲಕ್ಷ 55, ಈಗ 1 ಲಕ್ಷ 28. ಲಿವರ್ ಗಟ್ಟಿಯಾದರೆ ಅದರೊಳಗೆ ರಕ್ತ ಸಲೀಸಾಗಿ ಹರಿಯುವುದಿಲ್ಲ. ಹಿಂದೆ ಒತ್ತಡ ಏರಿ ಗುಲ್ಮ (ಸ್ಪ್ಲೀನ್) ಊದುತ್ತದೆ, ಪ್ಲೇಟ್ಲೆಟ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಮೂರು ಹಾಳೆಯನ್ನು ಪಕ್ಕಪಕ್ಕ ಇಟ್ಟಿದ್ದರೆ ಯಾರಿಗಾದರೂ ಕಾಣುತ್ತಿತ್ತು, ಅಲ್ವಾ?

ಊರಿನಲ್ಲಿ ಪ್ರತಿ ಸಲ ಒಂದೇ ಮಾತು. "ಲಿವರ್ ಅಂಕಿ ಸ್ವಲ್ಪ ಜಾಸ್ತಿ ಇದೆ, ಎಣ್ಣೆ ಬಿಡಿ." ಮಾವ ಮಂಡಕ್ಕಿ ಜೊತೆ ಮಿರ್ಚಿ ಬಿಟ್ಟರು. ಬೆಣ್ಣೆ ದೋಸೆ ಬಿಟ್ಟರು. ಅತ್ತೆ ಕಾಮಾಲೆ ಔಷಧಿ ಕೊಡಿಸಿ ಪಥ್ಯವನ್ನೂ ಮಾಡಿಸಿದರು. ಇಷ್ಟೆಲ್ಲ ಬಿಟ್ಟ ಮನುಷ್ಯನಿಗೆ ಆ ನಾಲ್ಕು ಅಂಕಿಯನ್ನು ಗುಣಿಸಿ ಹೇಳುವವರು ಸಿಗಲಿಲ್ಲ.

ಇನ್ನೊಂದು ವಿಷಯ ಬರೆಯಲೇಬೇಕು. ಮಾವನಿಗೆ ಹೆಪಟೈಟಿಸ್ ಬಿ, ಅಂದರೆ ಲಿವರ್‌ಗೆ ತಗಲುವ ವೈರಸ್ ಸೋಂಕು, ಇದೆ ಅಂತ ಗೊತ್ತಾಗಿದ್ದು ಹಿಂದೆ ಯಾವಾಗಲೋ ರಕ್ತದಾನ ಮಾಡಿದಾಗ. ಮಗಳಿಗೆ ಗಂಡು ನೋಡುತ್ತಿದ್ದ ಹೊತ್ತು. ಆ ಪತ್ರವನ್ನು ಬೀರುವಿನ ತಳದಲ್ಲಿ ಇಟ್ಟರು. "ಕ್ಯಾರಿಯರ್ ಅಷ್ಟೇ, ಮೈಯಲ್ಲಿ ವೈರಸ್ ಇದೆ, ಕಾಯಿಲೆ ಇಲ್ಲ, ಏನೂ ಮಾಡೋದು ಬೇಡ" ಅಂತ ಯಾರೋ ಹೇಳಿದ್ದೂ ಅನುಕೂಲವಾಯಿತು. ಪುಣೆಯಲ್ಲಿ ಡಾಕ್ಟರು ಎಲ್ಲವನ್ನೂ ನೇರವಾಗಿ ಮಾವನಿಗೇ ಹೇಳಿದರು. ನಮ್ಮಲ್ಲಾದರೆ ನನ್ನನ್ನು ಹೊರಗೆ ಕರೆದು, "ಅವರಿಗೆ ಹೇಳಬೇಡಿ" ಅನ್ನುತ್ತಿದ್ದರು. ಕಾಯಿಲೆ ಅವರದು, ಅಂಕಿ ಅವರದು. ಅವರಿಗೇ ಹೇಳದಿದ್ದರೆ ಹೇಗೆ?

ಈ ಲೆಕ್ಕವೊಂದೇ ಸಾಲದು, ಅದನ್ನೂ ಅಲ್ಲೇ ಕೇಳಿ ತಿಳಿದೆ. 35 ದಾಟದವರಲ್ಲಿ, 65 ದಾಟಿದವರಲ್ಲಿ ಇದು ಅಷ್ಟು ಸರಿಯಾಗಿ ಹೇಳುವುದಿಲ್ಲ. ಡೆಂಗಿ ಬಂದರೂ ಪ್ಲೇಟ್ಲೆಟ್ ಬೀಳುತ್ತದೆ. ಅದಕ್ಕೇ ಲಿವರ್ ಎಷ್ಟು ಗಟ್ಟಿ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದೆವು. ಲಿವರ್ ಗಟ್ಟಿಯಾಗಿದ್ದು ನಿಜವೇ. ವೈರಸ್ ತಡೆಯುವ ಮಾತ್ರೆ ಟೆನೊಫೊವಿರ್ ಶುರುವಾಯಿತು.

ಪುಣೆಯ ಡಾಕ್ಟರು ನಮಗೆ ಕೊಟ್ಟದ್ದು ಹತ್ತು ನಿಮಿಷ. ಎರಡನೇ ಸಲ ಹೋದಾಗ ಮಾವನ ಹೆಸರೂ ಅವರಿಗೆ ನೆನಪಿರಲಿಲ್ಲ. ಊರಿನ ಡಾಕ್ಟರು ಹಾಗಲ್ಲ, ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುತ್ತಾರೆ, ಅಜ್ಜಿಯ ಕಾಲದಿಂದ ನಮ್ಮ ಮನೆ ಗೊತ್ತು. ನಾನು ಲೆಕ್ಕದ ಫೋಟೋ ಕಳಿಸಿದೆ. ಬೇಸರ ಮಾಡಿಕೊಳ್ಳಲಿಲ್ಲ, ಮಾವನ ಫೈಲಿಗೆ ಸೇರಿಸಿದರು. ಮಾತ್ರೆ ದುಡ್ಡು ಕೊಟ್ಟು ತರಬೇಕಿಲ್ಲ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಉಚಿತ ಅಂತ ತಿಳಿಸಿದವರೂ ಅವರೇ. ಪುಣೆಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಮೊನ್ನೆ ಮಾವ ಫೋನ್ ಮಾಡಿದ್ದರು. "ಬರ್ಕೋ ಅಳಿಯ. ವಯಸ್ಸು 59. ಎಸ್‌ಜಿಒಟಿ 34, ಇನ್ನೊಂದು 36. ಪ್ಲೇಟ್ಲೆಟ್ 1 ಲಕ್ಷ 42." ನಾನು ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಅವರೇ ಅಂದರು, "2.35 ಬಂತು. ಸ್ಕ್ಯಾನ್ ಮುಂದಿನ ತಿಂಗಳು."