ಮರಿಗಳಿಗೆ ರೂಮಿಲ್ಲ, ಹಳೇ ಬಟ್ಟೆಗೆ ಇದೆ

9 ದಿನದಲ್ಲಿ 11 ನಾಯಿಮರಿ ಸತ್ತವು.

ಬರೆಯಬಾರದು ಅಂತ ಎರಡು ವಾರ ಬಾಯಿ ಮುಚ್ಚಿಕೊಂಡು ಇದ್ದೆ. ಇವತ್ತು ಬೆಳಿಗ್ಗೆ ನಮ್ಮ ಶೆಲ್ಟರಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು "ಎಲ್ಲಾ ದೇವರಿಚ್ಛೆ" ಅಂತ ಬರೆದು ಕೈಮುಗಿಯುವ ಇಮೋಜಿ ಹಾಕಿದರು ನೋಡಿ, ತಲೆ ಕೆಟ್ಟಿತು. ಇದರಲ್ಲಿ ದೇವರನ್ನು ಯಾಕೆ ಎಳೆಯುತ್ತೀರಿ? ಆ ಮರಿಗಳಿಗೆ ಕಾಯಿಲೆ ಹಂಚಿದ್ದು ನೆಲ ಒರೆಸುವ ಒಂದು ಮಾಪು. ಒಂದೇ ಬಕೆಟ್ಟು, ಒಂದೇ ಮಾಪು, ಎಲ್ಲಾ ರೂಮಿಗೂ ಅದೇ.

ಬೆಂಗಳೂರಿನ ಹೊರವಲಯದಲ್ಲಿರುವ ಒಂದು ಶೆಲ್ಟರಿಗೆ ಮೂರು ವರ್ಷದಿಂದ ಭಾನುವಾರ ಭಾನುವಾರ ಹೋಗುತ್ತಿದ್ದೇನೆ. ಹೆಸರು ಬೇಡ. ಹೇಳಿದರೆ ನಾಳೆ ನೂರು ಜನ ಬಂದು ಅವರಿಗೆ ಬೈದು ಹೋಗುತ್ತಾರೆ, ನಾಯಿಗಳಿಗೆ ಅನ್ನ ಹಾಕುವುದಕ್ಕೆ ಅವರ್ಯಾರೂ ಬರುವುದಿಲ್ಲ. ಅಲ್ಲಿರುವವರು ಕೆಟ್ಟವರೂ ಅಲ್ಲ. ಅದೇ ನನಗೆ ಇನ್ನೂ ಜಾಸ್ತಿ ಸಿಟ್ಟು ಬರಿಸುವುದು. ಕೆಟ್ಟವರಾಗಿದ್ದರೆ ಬೈದು ಬಂದುಬಿಡಬಹುದಿತ್ತು.

ಆಗಿದ್ದು ಇಷ್ಟು. ಒಂದು ಬುಧವಾರ ರಾತ್ರಿ ಯಾರೋ ಪುಣ್ಯಾತ್ಮರು ಟಿವಿ ಬಂದಿದ್ದ ರಟ್ಟಿನ ಬಾಕ್ಸಿನಲ್ಲಿ ನಾಲ್ಕು ಮರಿ ಹಾಕಿ ಗೇಟಿನ ಮುಂದೆ ಇಟ್ಟು ಹೋದರು. ಬೆಳಿಗ್ಗೆ ಬಾಕ್ಸ್ ಒಳಗೆ ಬಂತು, ಮರಿಗಳು ಸೀದಾ ಮರಿಗಳ ರೂಮಿಗೆ ಹೋದವು. ಅಲ್ಲಿ ಆಗಲೇ 14 ಇದ್ದವು, ಒಂದರ ಮೇಲೊಂದು ಬಿದ್ದು ಆಡಿಕೊಂಡು. ಶನಿವಾರ ಬಾಕ್ಸಿನ ಮರಿಯೊಂದಕ್ಕೆ ವಾಂತಿ ಶುರುವಾಯಿತು, ಆಮೇಲೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದವರು ಮರೆಯುವುದಿಲ್ಲ. ಪಾರ್ವೊ, ನಾಯಿಮರಿಗಳ ಕರುಳಿಗೆ ಬಡಿಯುವ ಅಂಟುರೋಗ.

ಪಾರ್ವೊ ವೈರಸ್ ಹೊಕ್ಕ ಮರಿ ಕಾಯಿಲೆ ಬೀಳುವುದಕ್ಕೆ ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಕೆಲವು ಸಲ 14 ದಿನದ ತನಕ ಹೋಗುತ್ತದೆ. ಹಾಗಾಗಿ ಹೊಸದಾಗಿ ಬಂದ ಮರಿಯನ್ನು ಎರಡು ವಾರ ಬೇರೆ ಇಡಬೇಕು. ಬೇರೆ ರೂಮು, ಬೇರೆ ತಟ್ಟೆ, ಬೇರೆ ಪೊರಕೆ, ಆ ರೂಮಿಗೆ ಹೋಗುವವರಿಗೆ ಬೇರೆ ಚಪ್ಪಲಿ. ಇದಕ್ಕೆ ವಿದೇಶದಿಂದ ಯಾರೂ ಬಂದು ಟ್ರೈನಿಂಗ್ ಕೊಡಬೇಕಾಗಿಲ್ಲ. ಮನೆಯಲ್ಲಿ ಒಂದು ಮಗುವಿಗೆ ಅಮ್ಮ ಆದಾಗ ಇನ್ನೊಂದು ಮಗುವನ್ನು ಅಜ್ಜಿ ಮನೆಗೆ ಕಳಿಸುತ್ತಿರಲಿಲ್ಲವಾ? ಅಷ್ಟೇ ಇದು.

ರೂಮಿಲ್ಲ ಅಂದುಕೊಂಡಿರಾ? ಇದೆ. ಗೇಟಿನ ಪಕ್ಕದಲ್ಲೇ ಇದೆ, ನಲ್ಲಿ ಇದೆ, ಸಿಮೆಂಟ್ ನೆಲ ಇದೆ, ನೀರು ಹೋಗುವುದಕ್ಕೆ ಮೋರಿ ಇದೆ. ಅದರ ತುಂಬ ಏನಿದೆ ಗೊತ್ತಾ? ಜನ ದಾನ ಕೊಟ್ಟ ಹಳೇ ಬಟ್ಟೆ. ಜರಿ ಸೀರೆ, ಪ್ಯಾಂಟು, ಹೊದ್ದು ಹರಿದ ರಗ್ಗು, ಒಂದು ಶೇರ್ವಾನಿ ಕೂಡ ಇದೆ, ಯಾವ ನಾಯಿಯ ಮದುವೆಗೋ ಏನೋ. ಜೊತೆಗೆ ವಾರ್ಷಿಕೋತ್ಸವದ ಫ್ಲೆಕ್ಸುಗಳು, ಮುರಿದ ಸೋಫಾ. ಎಂಟು ತಿಂಗಳಿಂದ ಹೇಳುತ್ತಿದ್ದೆ, ಆ ರೂಮು ಖಾಲಿ ಮಾಡಿ, ನಾನೇ ಎರಡು ಜನರನ್ನು ಕರೆದುಕೊಂಡು ಬರುತ್ತೇನೆ, ಟೆಂಪೋ ಬಾಡಿಗೆ ನಾನೇ ಕೊಡುತ್ತೇನೆ ಅಂತ. "ದಾನಿಗಳು ಬೇಜಾರು ಮಾಡ್ಕೋತಾರೆ ಮೇಡಂ." ಆಯಿತು, ದಾನಿಗಳಿಗೆ ಬೇಜಾರಾಗಲಿಲ್ಲ. ಖುಷಿನಾ?

ಫಿನಾಯಿಲ್ ವಿಷಯ ಹೇಳಲೇಬೇಕು. ಮೊದಲ ಮರಿ ಸತ್ತ ದಿನ ಎರಡು ಕ್ಯಾನ್ ಫಿನಾಯಿಲ್ ಸುರಿದು ತೊಳೆದರಂತೆ, ಇಡೀ ಶೆಲ್ಟರ್ ಬಸ್ ಸ್ಟ್ಯಾಂಡ್ ಟಾಯ್ಲೆಟ್ ಥರ ಘಮಘಮ. ಪಾರ್ವೊ ವೈರಸ್ ಫಿನಾಯಿಲಿಗೆ ಸಾಯುವುದಿಲ್ಲ. ಬ್ಲೀಚಿಗೆ ಸಾಯುತ್ತದೆ. ಮೊದಲು ಸೋಪ್ ಹಾಕಿ ಉಜ್ಜಿ ಗಲೀಜೆಲ್ಲ ತೆಗೆಯಬೇಕು, ಗಲೀಜಿನ ಮೇಲೆ ಸುರಿದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ, ನೆಲ 10 ನಿಮಿಷ ಒದ್ದೆಯಾಗೇ ಇರುವಂತೆ ಬಿಟ್ಟು, ತೊಳೆದು ಒಣಗಿಸಬೇಕು. ಮಣ್ಣಿನ ಅಂಗಳದಲ್ಲಿ ಇದೂ ನಡೆಯುವುದಿಲ್ಲ, ಅಲ್ಲಿ ವೈರಸ್ ತಿಂಗಳುಗಟ್ಟಲೆ ಕೂತಿರುತ್ತದೆ. ಗುಡಿಸಿ ಒರೆಸುವಾಗ ಚೆನ್ನಾಗಿರುವ ಮರಿಗಳ ರೂಮು ಮೊದಲು, ಕಾಯಿಲೆ ಮರಿಗಳದ್ದು ಕೊನೆಗೆ. ನಮ್ಮಲ್ಲಿ ಉಲ್ಟಾ. "ಅಲ್ಲಿ ಗಲೀಜು ಜಾಸ್ತಿ, ಮೊದಲು ಅದನ್ನ ಮುಗಿಸಿಬಿಡೋಣ" ಅಂತ ಅಲ್ಲಿಂದಲೇ ಶುರು, ಅದೇ ಮಾಪು ಹಿಡಿದು ಮುಂದಿನ ರೂಮಿಗೆ.

"ಒಂದು ಇಂಜೆಕ್ಷನ್ ಹಾಕಿಸಿದ್ವಲ್ಲ" ಅಂದರು. ಒಂದು ಸಾಲದು ಸಾರ್! ಮರಿಗೆ ಆರೇಳು ವಾರ ಆದಾಗ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ಆಗುವ ತನಕ ಹಾಕಿಸಬೇಕು. ತಾಯಿ ಹಾಲಿನಿಂದ ಬಂದ ರೋಗ ತಡೆಯುವ ಶಕ್ತಿ ಮೈಯಲ್ಲಿ ಇರುವ ತನಕ ಲಸಿಕೆಗೆ ಕೆಲಸ ಮಾಡಲು ಅದು ಬಿಡುವುದಿಲ್ಲ, ಯಾವ ಮರಿಯಲ್ಲಿ ಅದು ಯಾವಾಗ ಕರಗುತ್ತದೆ ಅಂತ ಹೊರಗಿಂದ ನೋಡಿದರೆ ತಿಳಿಯುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಹಾಕುವುದು. ಅಷ್ಟಕ್ಕೂ ಯಾವ ಮರಿಗೆ ಯಾವಾಗ ಹಾಕಿಸಿದ್ದು? ಬರೆದಿಟ್ಟಿದ್ದೀರಾ? ಇಲ್ಲ. "ಹುಡುಗನಿಗೆ ಗೊತ್ತು." ನಾಯಿ ನೋಡಿಕೊಳ್ಳುವ ಆ ಹುಡುಗ ಊರಿಗೆ ಹೋದರೆ?

ಒಂದು 200 ಪೇಜಿನ ನೋಟ್‌ಬುಕ್ ಕೇಳಿದ್ದು ನಾನು. ಸಾಫ್ಟ್‌ವೇರ್ ಅಲ್ಲ. ಬಂದ ದಿನ, ಎಲ್ಲಿಂದ, ತೂಕ, ಲಸಿಕೆ, ಸಂತಾನಹರಣ ಆಪರೇಷನ್ ಆಗಿದೆಯಾ ಇಲ್ಲವಾ. ಇದಿಲ್ಲದೆ ಕಳೆದ ವರ್ಷ ಏನಾಯಿತು ಕೇಳಿ. ಸಾಕಿದವರು ಬಿಟ್ಟು ಹೋದ ಒಂದು ಹೆಣ್ಣು ಲ್ಯಾಬ್ರಡಾರ್. ಆಪರೇಷನ್ ಆಗಿದೆ ಅಂತ ಬಿಡುವಾಗ ಅವರು ಹೇಳಿದ್ದರಂತೆ, ಯಾರೂ ಬರೆದುಕೊಳ್ಳಲಿಲ್ಲ. ಬೀದಿ ನಾಯಿಗಾದರೆ ಸಂತಾನಹರಣ ಆದಾಗ ಕಿವಿ ತುದಿ ಕತ್ತರಿಸಿ ಗುರುತು ಮಾಡುತ್ತಾರೆ, ಸಾಕಿದ ನಾಯಿಗೆ ಅದೂ ಇಲ್ಲ. ಮತ್ತೆ ಕರೆದುಕೊಂಡು ಹೋಗಿ, ಅರಿವಳಿಕೆ ಕೊಟ್ಟು, ಹೊಟ್ಟೆಯ ಕೂದಲು ಬೋಳಿಸಿದ ಮೇಲೆ ಹಳೇ ಹೊಲಿಗೆ ಗುರುತು ಕಂಡಿತು. ಪುಣ್ಯಕ್ಕೆ ಡಾಕ್ಟರ್ ಕಣ್ಣಿಗೆ ಬಿತ್ತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ರಾಯಚೂರು ಕಡೆಯವನು, ಅಲ್ಲೇ ಶೀಟಿನ ಮನೆಯಲ್ಲಿ ಇರುತ್ತಾನೆ. 80 ನಾಯಿಗೆ ಅವನೊಬ್ಬ, ಅರ್ಧ ದಿನ ಬರುವ ಒಬ್ಬರು ಅಮ್ಮ. ಒಂದು ನಾಯಿಗೆ ಊಟ ಹಾಕಿ, ಅದರ ಜಾಗ ತೊಳೆಯುವುದಕ್ಕೆ ಕಮ್ಮಿ ಅಂದರೂ 15 ನಿಮಿಷ ಹಿಡಿಯಿರಿ, 80 ನಾಯಿಗೆ 20 ಗಂಟೆ ಆಯಿತು. ಇನ್ನು ಔಷಧಿ ಹಾಕುವುದು, ಜಗಳ ಬಿಡಿಸುವುದು, ಮೈ ಸವರಿ ಎರಡು ಮಾತಾಡಿಸುವುದು ಯಾವಾಗ? "ಅಕ್ಕಾ, ನಾನೊಬ್ನೇ ಎಷ್ಟಂತ ನೋಡ್ಲಿ" ಅಂದ, ಸತ್ತ ಮರಿಗಳನ್ನು ಗೋಣಿಗೆ ಹಾಕುತ್ತಾ. ಅವನಿಗೆ ಎರಡು ಸಲ ನಾಯಿ ಕಚ್ಚಿದೆ. ದಿನಾ ನಾಯಿ ಮುಟ್ಟುವವರಿಗೆ ಕಚ್ಚುವ ಮೊದಲೇ ರೇಬಿಸ್ ಲಸಿಕೆ ಹಾಕಿಸಬೇಕು. ಕೇಳಿದರೆ "ಕಚ್ಚಿದಾಗ ನೋಡೋಣ" ಅಂತಾರೆ. ಕಚ್ಚಿದೆಯಲ್ಲ ಸ್ವಾಮಿ, ಎರಡು ಸಲ.

ಹಾಗಾದರೆ 80 ಯಾಕೆ ಆಯಿತು, ಜಾಗ ಇರುವುದು 45ಕ್ಕೆ ಅಲ್ವಾ? ಯಾಕಂದರೆ ಯಾರಿಗೂ ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಪಾಪ ಬರುತ್ತದಂತೆ. ಆ ಪಾಪದ ಭಯವನ್ನೇ ನಂಬಿಕೊಂಡು ಕಾರಿನಲ್ಲಿ ಬಂದು ಬಿಟ್ಟು ಹೋಗುವವರಿದ್ದಾರೆ ನೋಡಿ, ಅವರಿಗೂ ಎರಡು ಮಾತು. "ಮನೆ ಶಿಫ್ಟ್ ಮಾಡ್ತಿದ್ದೀವಿ." "ಓನರ್ ಬೇಡ ಅಂತಾರೆ." "ಪಾಪು ಹುಟ್ಟಿದೆ." ಬೆಂಗಳೂರಿನ ಸೆಕೆಗೆ ಹಿಮದ ನಾಡಿನ ಹಸ್ಕಿ ನಾಯಿ ತಂದು, ಎರಡು ವರ್ಷ ಫೋಟೋ ಹಾಕಿ, "ಕೂದಲು ತುಂಬಾ ಉದುರುತ್ತೆ" ಅಂತ ಬಿಟ್ಟವರೂ ಇದ್ದಾರೆ. ಬಿಟ್ಟು ಹೋಗುವಾಗ ಕಣ್ಣೀರು ಬೇರೆ. ಕಾರಣವಿಲ್ಲದೆ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತೇ. ಎರಡು ಬೈಟು ಕಾಫಿಗೂ ಆಗುತ್ತದೋ ಇಲ್ಲವೋ.

ಇನ್ನು ನಮ್ಮ ಅಪಾರ್ಟ್‌ಮೆಂಟಿನ ಅಂಕಲ್‌ಗಳು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಬೀದಿ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದಾಗಿನಿಂದ ಇವರಿಗೂ ಅದೇ ಜಪ. ಅದೇ ತಿಂಗಳು ಆ ಆದೇಶ ಬದಲಾಗಿದ್ದು ಇವರ ಕಿವಿಗೆ ಬಿದ್ದೇ ಇಲ್ಲ. 2023ರ ಗಣತಿಯಲ್ಲಿ ಬೆಂಗಳೂರಿನಲ್ಲಿ ಬೀದಿ ನಾಯಿ ಸುಮಾರು 2.79 ಲಕ್ಷ ಇದ್ದವು. ಬನ್ನಿ ಅಂಕಲ್, 80 ನಾಯಿ ಒಂದು ಕಡೆ ಇದ್ದರೆ ಹೇಗಿರುತ್ತದೆ ಅಂತ ಒಂದು ಭಾನುವಾರ ತೋರಿಸುತ್ತೇನೆ. ಬರುವಾಗ ಹಳೇ ಬಟ್ಟೆ ಮಾತ್ರ ತರಬೇಡಿ. ಮದುವೆ ಮನೆಯ ಮೂಳೆ ಬಿರಿಯಾನಿನೂ ಬೇಡ.

ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿದೆ. ಟ್ರಸ್ಟಿನ ಹಿರಿಯರೊಬ್ಬರು ಶಾಂತವಾಗಿ ಹೇಳಿದರು, "ಮೇಡಂ, ನೀವು ಸೇವೆ ಮಾಡೋಕೆ ಬಂದಿದ್ದೀರ, ಲೆಕ್ಕ ಕೇಳೋಕಲ್ಲ." ಸುತ್ತ ಎಲ್ಲರೂ ತಲೆ ಆಡಿಸಿದರು. ಎದ್ದು ಬಂದೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡೆ. ಉಳಿದ ಏಳು ಮರಿ ನೆನಪಾಗಿ ಮುಂದಿನ ಭಾನುವಾರ ಮತ್ತೆ ಹೋದೆ, ಡಿಕ್ಕಿಯಲ್ಲಿ ಎರಡು ಕ್ಯಾನ್ ಬ್ಲೀಚ್, ನಾಲ್ಕು ಬಣ್ಣದ ನಾಲ್ಕು ಮಾಪು, ಒಂದು ನೋಟ್‌ಬುಕ್ ಹಾಕಿಕೊಂಡು. ಹುಡುಗ ನೋಟ್‌ಬುಕ್ಕಿನ ಮೊದಲ ಪೇಜಿನಲ್ಲಿ ಏಳು ಮರಿಗಳ ಹೆಸರು ಬರೆದ. ಅವನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ನಿನ್ನೆ ರಾತ್ರಿ ಅವನ ಫೋನು. ಗೇಟಿನ ಮುಂದೆ ಮತ್ತೊಂದು ಬಾಕ್ಸಂತೆ, ಐದು ಮರಿ. "ಎಲ್ಲಿಡ್ಲಿ ಅಕ್ಕಾ?" ಆ ಬಟ್ಟೆ ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಗ್ರೂಪಿನಲ್ಲಿ ಕೇಳಿದೆ. ಹದಿನಾರು ಜನ ನೋಡಿದ್ದಾರೆ. ಅದಕ್ಕೆ ಬಂದ ಉತ್ತರವೇ ಬೆಳಗಿನ ಆ "ಎಲ್ಲಾ ದೇವರಿಚ್ಛೆ". ಸದ್ಯಕ್ಕೆ ಐದೂ ಅವನ ಶೀಟಿನ ಮನೆಯಲ್ಲಿವೆ, ಅವನ ಚಾಪೆ ಪಕ್ಕ.